ಮೂತ್ರಕೋಶದ ಒಳಪದರಕ್ಕೆ ಅಂತ ಮಾರುವ ಕ್ಯಾಪ್ಸೂಲ್: ತಗೊಂಡವರು ಇದ್ದೀರಾ?

ಮಲೆನಾಡ_ಹುಡುಗಿ:
ಆರು ತಿಂಗಳಿಂದ ಮೂತ್ರಕೋಶದಲ್ಲಿ ನೋವು. ತುಂಬಿದಾಗ ಜಾಸ್ತಿ, ಹೋಗಿ ಬಂದರೆ ಸ್ವಲ್ಪ ಹಗುರ. ಮೂರು ಸಲ ಯೂರಿನ್ ಕಲ್ಚರ್ ಮಾಡಿಸಿದೆ, ಇನ್‌ಫೆಕ್ಷನ್ ಇಲ್ಲವೇ ಇಲ್ಲ. ಕೊನೆಗೆ ಡಾಕ್ಟರ್ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಅಂದರು, ಅಂದರೆ ಇನ್‌ಫೆಕ್ಷನ್ ಇಲ್ಲದೆಯೇ ಮೂತ್ರಕೋಶ ಬಹುಕಾಲ ನೋಯುವ ಕಾಯಿಲೆ. ಆನ್‌ಲೈನಲ್ಲಿ ಗ್ಲುಕೋಸಮೈನ್, ಕಾಂಡ್ರಾಯ್ಟಿನ್, ಕ್ವೆರ್ಸೆಟಿನ್ ಸೇರಿಸಿದ ಕ್ಯಾಪ್ಸೂಲ್ ಸಿಗುತ್ತಿದೆ, ಒಳಪದರ ಸರಿ ಮಾಡುತ್ತದಂತೆ. ಬೆಲೆ ನೋಡಿ ಎದೆ ಧಸಕ್ ಅಂತು. ಪುರಾವೆ ಏನಾದರೂ ಇದೆಯಾ, ಇಲ್ಲ ಸುಮ್ನೆ ಜಾಹೀರಾತಾ?

ಗುಳಿಗೆ_ಡಬ್ಬಿ:
ಪುರಾವೆ ಇದೆ, ಆದರೆ ತೀರಾ ತೆಳು. ಮೂತ್ರಕೋಶದ ಒಳಗೋಡೆಗೆ ಲೋಳೆಯಂಥ ಒಂದು ಲೇಪ ಇರುತ್ತದೆ, ಅದರಲ್ಲಿ ಕಾಂಡ್ರಾಯ್ಟಿನ್ ಇರುವುದು ನಿಜ. ಹಾಗಂತ ನುಂಗಿದ್ದು ಹೊಟ್ಟೆ, ಕರುಳು, ರಕ್ತ ಎಲ್ಲ ದಾಟಿ ನೆಟ್ಟಗೆ ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತದೆ ಅನ್ನೋದಕ್ಕೆ ಒಳ್ಳೆಯ ಪುರಾವೆ ಇಲ್ಲ. ಕ್ವೆರ್ಸೆಟಿನ್ ಅನ್ನೋ ಸಸ್ಯದ ಅಂಶದ ಬಗ್ಗೆ ಎಲ್ಲರೂ ತೋರಿಸುವ 2001ರ ಅಧ್ಯಯನದಲ್ಲಿ ಇದ್ದವರು 22 ಜನ, ನಡೆದದ್ದು 4 ವಾರ, ಹೋಲಿಸಲು ಡಮ್ಮಿ ಮಾತ್ರೆ (ಔಷಧಿಯೇ ಇಲ್ಲದ ಮಾತ್ರೆ) ನುಂಗಿದ ಗುಂಪೇ ಇರಲಿಲ್ಲ. ಈ ನೋವು ತಾನಾಗಿಯೇ ಏರಿ ಇಳಿಯುವಂಥದ್ದು, ಇಳಿಯುವ ಹೊತ್ತಿಗೆ ಏನು ನುಂಗಿದ್ದರೂ ಅದಕ್ಕೇ ಹೆಸರು ಬರುತ್ತದೆ ಅಲ್ವಾ?

ಪೆಂಟೋಸಾನ್ ಪಾಲಿಸಲ್ಫೇಟ್ ಕಥೆ ಗೊತ್ತಿರಲಿ. ಅದು ಸಪ್ಲಿಮೆಂಟ್ ಅಲ್ಲ, 1996ರಲ್ಲಿ ಅಮೆರಿಕದಲ್ಲಿ ಇದೇ ಕಾಯಿಲೆಗೆ ಒಪ್ಪಿಗೆ ಪಡೆದ ಔಷಧಿ. ಅದೂ ಇದೇ ಲೇಪದ ಲೆಕ್ಕಾಚಾರ. 2015ರಲ್ಲಿ 368 ಜನರ ಪರೀಕ್ಷೆ ಹೊರಬಂತು, ಡಮ್ಮಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಮೇಲಿಂದ ವರ್ಷಗಟ್ಟಲೆ ತಗೊಂಡ ಕೆಲವರಿಗೆ ಕಣ್ಣಿನ ರೆಟಿನಾ ಹಾಳಾಗಿದ್ದು ಕಂಡು, 2020ರಲ್ಲಿ ಲೇಬಲ್ ಮೇಲೆ ಎಚ್ಚರಿಕೆ ಸೇರಿಸಿದರು.

ಹುಣಸೆಹುಳಿ:
ನನಗೂ ಇದೇ ಕಾಯಿಲೆ, ಏಳು ವರ್ಷ ಆಯ್ತು. ಕ್ರ್ಯಾನ್‌ಬೆರಿ ಕುಡಿ, ವಿಟಮಿನ್ ಸಿ ತಗೋ ಅಂತ ಹೇಳುವವರ ಮಾತು ಮಾತ್ರ ಕೇಳಬೇಡಿ. ಕ್ರ್ಯಾನ್‌ಬೆರಿ ಇರುವುದು ಪದೇ ಪದೇ ಇನ್‌ಫೆಕ್ಷನ್ ಆಗುವವರಿಗೆ, ನಮ್ಮಂಥವರಿಗೆ ಆ ಹುಳಿಗೇ ಉರಿ ಏಳುತ್ತದೆ. ನಾನಂತೂ ಒಂದು ಲೋಟ ಕುಡಿದು ರಾತ್ರಿಯೆಲ್ಲ ಬಾತ್‌ರೂಮಲ್ಲೇ ಕಳೆದೆ. ಏನು ತಿಂದ ದಿನ ನೋವು ಏರಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ನನಗೆ ಟೊಮೆಟೊ ಸಾರು, ಕಾಫಿ ಎರಡೂ ಕೈಕೊಟ್ಟವು. ಕಾಫಿ ಬಿಟ್ಟ ದುಃಖ ಇನ್ನೂ ಹೋಗಿಲ್ಲ ಬಿಡಿ.

ಗುಳಿಗೆ_ಡಬ್ಬಿ:
ಇನ್ನೊಂದು ಮರೆತೆ. ಗ್ಲುಕೋಸಮೈನ್ ಹೆಚ್ಚಾಗಿ ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುವುದು, ಕಾಂಡ್ರಾಯ್ಟಿನ್ ಪ್ರಾಣಿಗಳ ಮೃದ್ವಸ್ಥಿಯಿಂದ. ಸಸ್ಯಾಹಾರಿಗಳಾದರೆ, ಸಿಗಡಿ ಅಲರ್ಜಿ ಇದ್ದರೆ ಲೇಬಲ್ ನೋಡಿ. ಮನೆಯಲ್ಲಿ ಯಾರಾದರೂ ರಕ್ತ ತೆಳುವಾಗಲು ವಾರ್ಫರಿನ್ ತಗೋತಿದ್ದರೆ ಅವರಿಗೆ ಇದನ್ನು ಕೊಡಲೇಬೇಡಿ.

ಮಲೆನಾಡ_ಹುಡುಗಿ:
ಅಯ್ಯೋ, ನಾವು ಮೊಟ್ಟೆನೂ ಮುಟ್ಟಲ್ಲ! ಆರ್ಡರ್ ಕ್ಯಾನ್ಸಲ್ ಮಾಡಿದೆ. ಹುಣಸೆಹುಳಿ ಅಕ್ಕ, ಮಜ್ಜಿಗೆ ಆಗುತ್ತಾ ನಿಮಗೆ?