ಅಪ್‌ಡೇಟ್: ಅನುವಾದ ಸೇರಿಸಿದರೂ ಇಂಗ್ಲಿಷ್ ಸಾಲುಗಳೇ ಕಾಣುತ್ತಿದ್ದ ಸಮಸ್ಯೆ ಬಗೆಹರಿದಿದೆ

ಮುಕ್ತ ತಂತ್ರಾಂಶವೊಂದರ ಪಿಒ ಕಡತಕ್ಕೆ (ಮೂಲ ಸಾಲುಗಳನ್ನೂ ಅವುಗಳ ಅನುವಾದಗಳನ್ನೂ ಜೋಡಿಯಾಗಿ ಇಡುವ ಕಡತ) ಕನ್ನಡ ಅನುವಾದ ಸೇರಿಸಿದ ಮೇಲೂ ಕೆಲವು ಸಾಲುಗಳು ಇಂಗ್ಲಿಷಿನಲ್ಲೇ ಉಳಿಯುವುದೇಕೆ ಎಂದು ಕೇಳಿದ್ದೆ. ನೀವು ಹೇಳಿದಂತೆಯೇ ಅವುಗಳ ಮೇಲೆ ‘ಫಝಿ’ ಗುರುತು, ಅಂದರೆ ಅನುವಾದವನ್ನು ಮತ್ತೆ ಪರಿಶೀಲಿಸಬೇಕೆಂಬ ಗುರುತು ಇತ್ತು. ಮೂಲ ವಾಕ್ಯ ಬದಲಾದಾಗ ಗೆಟ್‌ಟೆಕ್ಸ್ಟ್ ಎಂಬ ಅನುವಾದ ಸಲಕರಣೆಗಳು ಹಳೆಯ ಅನುವಾದಕ್ಕೆ ಹಚ್ಚುವ ಈ ಗುರುತನ್ನು ತೆಗೆಯದಿದ್ದರೆ, ತಂತ್ರಾಂಶ ಬಳಸುವ ಕಡತ ಸಿದ್ಧವಾಗುವಾಗ ಆ ಸಾಲಿನ ಅನುವಾದವನ್ನು ಕೈಬಿಡಲಾಗುತ್ತದೆ. ಪ್ರತಿಯೊಂದನ್ನೂ ಮೂಲದೊಂದಿಗೆ ಹೋಲಿಸಿ ತಿದ್ದಿದ ಮೇಲಷ್ಟೇ ಗುರುತು ತೆಗೆದೆ.

ಆಗ ಇನ್ನೊಂದು ತೊಡಕು ಕಂಡಿತು. ಕಡತಗಳನ್ನು ನಕಲಿಸಿದಾಗ ಬರುವ ಸಂದೇಶದಲ್ಲಿ, ಇಂಗ್ಲಿಷಿನಲ್ಲಿ ಕಡತಗಳ ಸಂಖ್ಯೆ ಮೊದಲು, ಕೋಶದ ಹೆಸರು ನಂತರ. ಕನ್ನಡದಲ್ಲಿ ‘ಚಿತ್ರಗಳು ಎಂಬ ಕೋಶಕ್ಕೆ 5 ಕಡತಗಳನ್ನು ನಕಲಿಸಲಾಗಿದೆ’ ಎಂದು ಕ್ರಮ ತಿರುಗುತ್ತದೆ. ಸಂಖ್ಯೆ, ಹೆಸರು ಬಂದು ಕೂರುವ ಜಾಗವನ್ನು ಸಂದೇಶದಲ್ಲಿ ಶೇಕಡಾ ಚಿಹ್ನೆಯಿಂದ ಸೂಚಿಸುತ್ತಾರೆ; ಅದರ ಬಳಿಕ ಮೂಲದಲ್ಲಿನ ಸ್ಥಾನಸಂಖ್ಯೆ ಮತ್ತು ಡಾಲರ್ ಚಿಹ್ನೆ (%1$d, %2$s ಹೀಗೆ) ಸೇರಿಸಿದ್ದರಿಂದ ಅದೂ ಸರಿಹೋಯಿತು. ನಮ್ಮ ವಾಕ್ಯವನ್ನು ನಮ್ಮ ಕ್ರಮದಲ್ಲೇ ಬರೆಯಬಹುದೆಂಬುದು ನನಗೆ ಬಹಳ ಸಂತೋಷ ತಂದಿತು. ನನ್ನ ಈ ತಿದ್ದುಪಡಿಗಳ ಪ್ಯಾಚ್ ನಿನ್ನೆ ಆ ತಂತ್ರಾಂಶದಲ್ಲಿ ವಿಲೀನವಾಗಿದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.