ಪದಚರ್ಚೆ: ಪಶುವೈದ್ಯರ ಬಿಲ್ಲಿನಲ್ಲಿ ಯಾವ ಪದ ಎಲ್ಲಿ ಬರಬೇಕು?

ಎಲ್ಲರಿಗೂ ನಮಸ್ಕಾರ.

ಪಶುವೈದ್ಯರೊಬ್ಬರ ಕ್ಲಿನಿಕ್‌ಗೆ ಕನ್ನಡದಲ್ಲಿ ಬಿಲ್ಲಿನ ನಮೂನೆ ಮಾಡಿಕೊಡುತ್ತಿದ್ದೇನೆ. ಪ್ರಾಣಿಗೆ ಏನೇನು ಮಾಡಿದರು, ಯಾವುದಕ್ಕೆ ಎಷ್ಟಾಯಿತು ಅನ್ನುವುದು ಓದಿದ ಕೂಡಲೇ ತಿಳಿಯಬೇಕು ಅನ್ನುವುದು ನನ್ನಾಸೆ. ಕೆಲವು ಪದಗಳಲ್ಲಿ ನಿಮ್ಮ ಸಹಾಯ ಬೇಕು.

ಮೊದಲು ತಲೆಬರಹ. ಇನ್‌ವಾಯ್ಸ್ ಅನ್ನುವುದಕ್ಕೆ 'ಸರಕುಪಟ್ಟಿ' ಅಂತ ಬಳಸುವುದುಂಟು. ನಾಯಿಗೆ ಲಸಿಕೆ ಹಾಕಿದ್ದಕ್ಕೆ ಸರಕುಪಟ್ಟಿ ಅಂದರೆ ಹೊಂದುವುದಿಲ್ಲ, ಅಲ್ವಾ? 'ರಸೀದಿ' ಅಂದರೆ ದುಡ್ಡು ಸಂದಿದೆ ಅನ್ನುವುದಕ್ಕೆ ಪುರಾವೆ. ಆಪರೇಷನ್‌ಗೆ ಮುಂಚೆ ಇಷ್ಟಾಗಬಹುದು ಅಂತ ಬರೆದುಕೊಡುವುದು 'ಅಂದಾಜು ಪಟ್ಟಿ'. ಹಾಗಾಗಿ ನಾನು 'ಬಿಲ್' ಅಂತಲೇ ಇಟ್ಟಿದ್ದೇನೆ. ಇದನ್ನು ಬದಲಿಸುವ ಮನಸ್ಸಿಲ್ಲ.

'ಶುಲ್ಕ', 'ಬೆಲೆ', 'ದರ' ಇವನ್ನು ಎಲ್ಲ ಕಡೆ ಸುಮ್ನೆ ಬೆರೆಸಿಬಿಡುತ್ತಾರೆ. ತಪಾಸಣೆ, ಆಪರೇಷನ್, ಮನೆಗೆ ಬಂದು ನೋಡಿದ್ದು, ಇಂಥ ಕೆಲಸಕ್ಕೆ ಶುಲ್ಕ. ಔಷಧಿಗೆ, ಬ್ಯಾಂಡೇಜಿಗೆ ಬೆಲೆ. ಒಂದು ಮಾತ್ರೆಗೆ ಅಥವಾ ಒಂದು ದಿನ ಇರಿಸಿಕೊಂಡಿದ್ದಕ್ಕೆ ಇಷ್ಟು ಅನ್ನುವುದು ದರ. ಸಾಲಿನ ಕೊನೆಯಲ್ಲಿ 'ಮೊತ್ತ'. ಹೀಗೆ ಬೇರೆ ಮಾಡಿದರೆ ಕೆಲಸಕ್ಕೆ ಎಷ್ಟು, ಸಾಮಾನಿಗೆ ಎಷ್ಟು ಅನ್ನುವುದು ತಾನಾಗಿ ಕಾಣುತ್ತದೆ.

ನನ್ನನ್ನು ಜಾಸ್ತಿ ಕಾಡುತ್ತಿರುವುದು 'ಪ್ರಮಾಣ'. ಎಷ್ಟು ಮಾತ್ರೆ ಕೊಟ್ಟರು ಅನ್ನುವ ಕಾಲಮ್ಮಿಗೆ ಈ ಪದ ಹಾಕುವ ರೂಢಿ ಇದೆ. ಆದರೆ ಔಷಧಿಯ ವಿಷಯದಲ್ಲಿ ಪ್ರಮಾಣ ಅಂದರೆ ಡೋಸ್ ಅಂತಲೂ ಅರ್ಥ ಬರುತ್ತದೆ. 'ಪ್ರಮಾಣ: 4' ಅಂತಿದ್ದರೆ ಒಟ್ಟು ನಾಲ್ಕು ಮಾತ್ರೆಯೋ, ದಿನಕ್ಕೆ ನಾಲ್ಕೋ? ಬೆಕ್ಕಿನಂಥ ಚಿಕ್ಕ ಪ್ರಾಣಿಯಲ್ಲಿ ಈ ಗೊಂದಲ ಅಪಾಯಕ್ಕೇ ದಾರಿ. ಪ್ರಾಣಿಗಳಿಗೆ ಹೆಚ್ಚಿನ ಔಷಧಿಗಳನ್ನು ತೂಕ ನೋಡಿ, ಕಿಲೋಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ ಹಾಕಿ ಕೊಡುತ್ತಾರೆ. ಒಂದೇ ಮನೆಯ ಎರಡು ನಾಯಿಗಳಿಗೆ ಒಂದೇ ಔಷಧಿ ಕೊಟ್ಟರೂ ಬಿಲ್ ಬೇರೆಯಾಗುವುದು ಇದರಿಂದಲೇ. ಅದಕ್ಕೇ ಪ್ರಾಣಿಯ ಹೆಸರಿನ ಪಕ್ಕದಲ್ಲಿ ತೂಕವನ್ನೂ ಬರೆಯಲು ಜಾಗ ಬಿಟ್ಟಿದ್ದೇನೆ. ಕಾಲಮ್ಮಿಗೆ ಸದ್ಯಕ್ಕೆ 'ಒಟ್ಟು ಕೊಟ್ಟದ್ದು' ಅಂತ ಹಾಕಿದ್ದೇನೆ. ಡೋಸ್ ಎಷ್ಟು ಅನ್ನುವುದು ಔಷಧಿ ಚೀಟಿಯಲ್ಲೇ ಇರಲಿ.

ಇನ್ನೊಂದು, ಗಂಡು ಪ್ರಾಣಿಯ ಸಂತಾನಹರಣ. ಹೋರಿಗಳಿಗೆ 'ಬೀಜ ಒಡೆಯುವುದು' ಅನ್ನುವ ಮಾತು ಸರಿಯಾಗಿಯೇ ಇದೆ. ಬರ್ಡಿಜೋ ಇಕ್ಕಳದಲ್ಲಿ ಚರ್ಮ ಕೊಯ್ಯದೆ, ಬೀಜಕ್ಕೆ ಹೋಗುವ ನಾಳವನ್ನು ಹೊರಗಿನಿಂದಲೇ ಜಜ್ಜುತ್ತಾರೆ. ನಾಯಿ, ಬೆಕ್ಕುಗಳಿಗೆ ಹಾಗಲ್ಲ. ಅರಿವಳಿಕೆ ಕೊಟ್ಟು, ಕೊಯ್ದು ಬೀಜವನ್ನೇ ತೆಗೆಯುತ್ತಾರೆ. ಹೆಣ್ಣಾದರೆ ಹೊಟ್ಟೆ ಕೊಯ್ಯಬೇಕು, ಅದು ಇನ್ನೂ ದೊಡ್ಡ ಆಪರೇಷನ್. ಎಲ್ಲಕ್ಕೂ 'ಸಂತಾನಹರಣ' ಅಂತ ಒಂದೇ ಪದ ಬರೆದರೆ ಹೆಣ್ಣಿಗೆ ಯಾಕೆ ಜಾಸ್ತಿ ಅಂತ ಕೇಳುವುದು ಸಹಜ. 'ಬೀಜ ತೆಗೆಯುವ ಆಪರೇಷನ್', 'ಗರ್ಭಕೋಶ ತೆಗೆಯುವ ಆಪರೇಷನ್' ಅಂತ ನೇರವಾಗಿ ಬರೆಯಬೇಕು ಅಂತ ನನ್ನ ಅನಿಸಿಕೆ. ಅರಿವಳಿಕೆಗೆ ಬೇರೆ ಸಾಲು.

'ದಯಾಮರಣ' ಅನ್ನುವ ಪದವನ್ನು ಬಿಲ್ಲಿನಲ್ಲಿ ಹೇಗೆ ಬರೆಯುವುದು? ಮರೆಮಾಚಿ 'ಇಂಜೆಕ್ಷನ್' ಅಂತ ಬರೆದರೆ ಲೆಕ್ಕ ಸ್ಪಷ್ಟವಾಗುವುದಿಲ್ಲ. ಮೇಲಾಗಿ ಇದು ಆ ಹೊತ್ತಿನಲ್ಲಿ ದುಃಖದಲ್ಲಿರುವವರ ಕೈಗೆ ಕೊಡುವ ಕಾಗದ. ನನಗೆ ದಯಾಮರಣವೇ ಸರಿ ಅನಿಸುತ್ತದೆ. ಅದರಲ್ಲಿ ದಯೆ ಇದೆ, ಸುಳ್ಳಿಲ್ಲ.

'ಇತರೆ' ಅನ್ನುವ ಸಾಲನ್ನು ಪೂರ್ತಿ ತೆಗೆದಿದ್ದೇನೆ. 'ಬಾಕಿ' ಬದಲು 'ಇನ್ನು ಕೊಡಬೇಕಾದದ್ದು' ಅಂತ ಮಾಡಿದ್ದೇನೆ.

ನನ್ನ ಪ್ರಶ್ನೆಗಳು ಎರಡೇ. 'ಒಟ್ಟು ಕೊಟ್ಟದ್ದು' ಅನ್ನುವುದಕ್ಕಿಂತ ಚಿಕ್ಕದಾಗಿ, ಡೋಸ್ ಅನ್ನುವ ಅರ್ಥ ಬರದ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಗಂಡು, ಹೆಣ್ಣು ಪ್ರಾಣಿಗಳ ಈ ಆಪರೇಷನ್‌ಗಳಿಗೆ ಸಾಕುವವರ ಬಾಯಲ್ಲಿ ಬೇರೆ ಬೇರೆ ಹೆಸರು ಕೇಳಿದ್ದೀರಾ? ಪಶುವೈದ್ಯರು, ಔಷಧಿ ಅಂಗಡಿಯವರು ಯಾರಾದರೂ ಗುಂಪಿನಲ್ಲಿದ್ದರೆ ದಯವಿಟ್ಟು ಬರೆಯಿರಿ.