ಭಾನುವಾರದ ಪ್ರಶ್ನೋತ್ತರ: ನಾಯಿ ಬೆಕ್ಕಿನ ಮೂಳೆ ಮುರಿದ್ರೆ ಆಪರೇಷನ್ ಯಾರ ಕೈಲಿ ಮಾಡಿಸ್ಬೇಕು?

ಅಡ್ಮಿನ್: ಎಲ್ರಿಗೂ ನಮಸ್ಕಾರ. ಇವತ್ತು ಸಂಜೆ 6ರಿಂದ ನಮ್ಮ ಗ್ರೂಪಿನ ಡಾಕ್ಟ್ರು ಇರ್ತಾರೆ, ಬೆಂಗಳೂರಲ್ಲಿ ನಾಯಿ ಬೆಕ್ಕಿನ ಮೂಳೆ ಮತ್ತು ಕೀಲಿನ ಸರ್ಜರಿ ಮಾತ್ರ ಮಾಡೋರು. ವಯಸ್ಸು, ತೂಕ, ಯಾವ ಕಾಲು, ಎಷ್ಟು ದಿನ ಆಯ್ತು, ಇಷ್ಟು ಬರೀರಿ ದಯವಿಟ್ಟು.

ಬ್ರೂನೋ ಅಪ್ಪ: ನಮಸ್ತೆ ಡಾಕ್ಟ್ರೇ. ನಮ್ ಲ್ಯಾಬ್ರಡಾರ್‌ಗೆ 6 ವರ್ಷ, 41 ಕೆಜಿ. ಎರಡು ತಿಂಗಳಿಂದ ಬಲ ಹಿಂಗಾಲು ಕುಂಟ್ತಾ ಇದೆ, ಲಿಗಮೆಂಟ್ ಹರಿದಿದೆ ಅಂತ ಎಕ್ಸ್‌ರೇ ನೋಡಿ ಹೇಳಿದ್ರು. ಒಬ್ರು ದಾರ ಹಾಕಿ ಬಿಗಿ ಮಾಡ್ತೀನಿ ಅಂತಾರೆ, ಇನ್ನೊಬ್ರು ಟಿಪಿಎಲ್‌ಒ ಅಂತಾರೆ. ಯಾರನ್ನ ನಂಬೋದು?

ಡಾಕ್ಟರ್: ಮೊಣಕಾಲಿನ ಆ ಲಿಗಮೆಂಟ್ ಹರಿದ್ಮೇಲೆ ಪ್ರತಿ ಹೆಜ್ಜೆಗೂ ತೊಡೆ ಮೂಳೆ ಕೆಳಗಿನ ಮೂಳೆಯ ಇಳಿಜಾರಿನ ಮೇಲೆ ಹಿಂದಕ್ಕೆ ಜಾರುತ್ತೆ. ದಾರ ಹಾಕೋದು ಅಂದ್ರೆ ಹೊರಗಿಂದ ಹಗ್ಗ ಬಿಗಿದು ಜಾರದ ಹಾಗೆ ಹಿಡ್ಕೊಳ್ಳೋದು. ಟಿಪಿಎಲ್‌ಒ ಅಂದ್ರೆ ಆ ಇಳಿಜಾರಿನ ಮೂಳೆನೇ ಕಡಿದು ತಿರುಗಿಸಿ ಸುಮಾರು 5 ಡಿಗ್ರಿಗೆ ತಂದು ಪ್ಲೇಟ್ ಹಾಕೋದು, ಅಮೆರಿಕದ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ವಿಧಾನ. 41 ಕೆಜಿ ನಾಯಿಗೆ ನಾನಾದ್ರೆ ಟಿಪಿಎಲ್‌ಒ ಮಾಡ್ತೀನಿ. ಆದ್ರೆ ಅಭ್ಯಾಸ ಇಲ್ಲದ ಕೈಲಿ ಮಾಡಿದ ಟಿಪಿಎಲ್‌ಒಗಿಂತ ಅಭ್ಯಾಸ ಇರೋ ಕೈಲಿ ಹಾಕಿದ ದಾರ ವಾಸಿ. ಇಬ್ರಿಗೂ ಕೇಳಿ: ನೀವೇ ಕೈಯಾರೆ ಎಷ್ಟು ಮಾಡಿದೀರ, ಯಾರ ಹತ್ರ ಕಲಿತ್ರಿ, ಪ್ಲೇಟ್ ಸಡಿಲ ಆದ್ರೆ ಮತ್ತೆ ಆಪರೇಷನ್ ಯಾರು ಮಾಡ್ತಾರೆ. ಸಿಟ್ಟು ಮಾಡ್ಕೊಂಡ್ರೆ ಬೇರೆ ಕಡೆ ಹೋಗಿ. ಅಷ್ಟರಲ್ಲಿ ತೂಕ ಇಳಿಸೋಕೆ ಶುರು ಮಾಡಿ, ಇವತ್ತೇ.

ಮಿಂಚು ಅಮ್ಮ: ಸಾರ್ ನಮ್ ಬೆಕ್ಕು ಮೂರನೇ ಮಹಡಿಯಿಂದ ಬಿತ್ತು, ಗದ್ದ ಮಧ್ಯದಲ್ಲಿ ಸೀಳಿದ ಹಾಗಿದೆ, ನೋವಿಗೆ ಅರ್ಧ ಡೋಲೋ ಕೊಡ್ಬಹುದಾ

ಡಾಕ್ಟರ್: ಕೊಡ್ಬೇಡಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ಅರ್ಧ ಮಾತ್ರೆಗೇ ಜೀವ ಹೋಗ್ಬಹುದು. ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಗದ್ದಕ್ಕಿಂತ ಮೊದ್ಲು ಎದೆ ಎಕ್ಸ್‌ರೇ ಆಗ್ಬೇಕು. ಗದ್ದ ತಂತಿ ಹಾಕಿ ಕೂರಿಸ್ತಾರೆ, ಅದು ಸರಿ ಹೋಗುತ್ತೆ.

ಹಾಸನದ ಹೊಸ ವೆಟ್: ಸರ್ ನಮಸ್ತೆ, ಪ್ರಾಕ್ಟೀಸ್ ಶುರು ಮಾಡಿ ಎರಡು ವರ್ಷ ಆಯ್ತು. ಹೋದ ತಿಂಗಳು ಮುರಿದ ಮೂಳೆಗೆ ಪ್ಲೇಟ್ ಹಾಕೋ ಎರಡು ದಿನದ ವರ್ಕ್‌ಶಾಪ್ ಮಾಡ್ದೆ, ಪ್ಲಾಸ್ಟಿಕ್ ಮೂಳೆ ಮೇಲೆ. ಈಗ ಒಂದು ಪೊಮೆರೇನಿಯನ್ ಬಂದಿದೆ, 5 ತಿಂಗಳು, 2 ಕೆಜಿ, ಸೋಫಾದಿಂದ ಹಾರಿ ಮುಂಗಾಲು ಮುರ್ಕೊಂಡಿದೆ, ಮಣಿಕಟ್ಟಿನ ಹತ್ರ ಎರಡೂ ಮೂಳೆ. ಬೇರೆ ಕಡೆ 3 ವಾರ ಪ್ಲಾಸ್ಟರ್ ಹಾಕಿದ್ರಂತೆ, ಬಿಚ್ಚಿದ್ರೆ ಕೂಡಿಲ್ಲ, ಕಾಲು ವಾಲಿದೆ. ನನ್ ಹತ್ರ 2.7 ಮಿಲಿಮೀಟರ್ ಸ್ಕ್ರೂ, ಪ್ಲೇಟ್ ಸೆಟ್ ಇದೆ, ನಾಳೆ ಬೆಳಿಗ್ಗೆ ಪ್ಲೇಟ್ ಹಾಕೋಣ ಅಂತಿದೀನಿ. ಇದಾದ್ಮೇಲೆ ಟಿಪಿಎಲ್‌ಒ ಕೋರ್ಸ್ ಮಾಡ್ಲಾ ಅಥವಾ ಎಂವಿಎಸ್‌ಸಿ (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ಮಾಡ್ಬೇಕಾ?

ಡಾಕ್ಟರ್: ನಾಳೆ ಮಾಡ್ಬೇಡಿ. ಮಿಕ್ಕವರ ಪ್ರಶ್ನೆ ಕಾಯ್ಲಿ, ಇದಕ್ಕೆ ಪೂರ್ತಿ ಬರೀತೀನಿ.

ಪೊಮೆರೇನಿಯನ್, ಟಾಯ್ ಪೂಡಲ್ ತರದ ಸಣ್ಣ ತಳಿಗಳಲ್ಲಿ ಆ ಜಾಗಕ್ಕೆ ರಕ್ತ ಸಂಚಾರ ಕಮ್ಮಿ, ಸುತ್ತ ಮಾಂಸಾನೂ ಇಲ್ಲ, ಅದಕ್ಕೇ ಪ್ಲಾಸ್ಟರ್‌ನಲ್ಲಿ ಕೂಡಲ್ಲ, ಇದು ಓದಿರ್ತೀರ. ಮೂಳೆ ಒಳಗೆ ತೂರಿಸೋ ಪಿನ್ ಬಗ್ಗೆ ಯೋಚ್ನೇನೂ ಬೇಡ, ರೇಡಿಯಸ್ (ಮುಂಗಾಲಿನ ಎರಡು ಮೂಳೇಲಿ ಒಂದು) ಒಳಗೆ ಪಿನ್ ಹೋಗೋ ಜಾಗ ಇಲ್ಲ, ಮಣಿಕಟ್ಟಿನ ಕೀಲು ಹಾಳು ಮಾಡ್ತೀರ. ಈಗ ನಿಮ್ ಸೆಟ್. 2 ಕೆಜಿ ನಾಯೀಲಿ ಆ ಮೂಳೆ ಅಗಲ ಎಷ್ಟಿದೆ ಎಕ್ಸ್‌ರೇಲಿ ಅಳೆದ್ರಾ? 4-5 ಮಿಲಿಮೀಟರ್ ಇರುತ್ತೆ. ಸ್ಕ್ರೂ ಮೂಳೆ ಅಗಲದ 40 ಪರ್ಸೆಂಟ್ ಮೀರಬಾರ್ದು. 2.7 ಸ್ಕ್ರೂ ಅಂದ್ರೆ ಅರ್ಧಕ್ಕಿಂತ ಜಾಸ್ತಿ ಆಯ್ತು, ಟೇಬಲ್ ಮೇಲೇ ಸೀಳುತ್ತೆ, ಇಲ್ಲಾಂದ್ರೆ ಹತ್ತು ದಿನಕ್ಕೆ ಆ ತೂತಲ್ಲೇ ಮುರಿಯುತ್ತೆ. ಬೇಕಾಗಿರೋದು 1.5, ಮೂಳೆ 5 ಮಿಲಿಮೀಟರ್ ಇದ್ರೆ ಹೆಚ್ಚಂದ್ರೆ 2.0, ಕೆಳಗಿನ ತುಂಡು ಗಿಡ್ಡ ಇದ್ರೆ ಟಿ ಆಕಾರದ ಪ್ಲೇಟ್. 1.5 ಸ್ಕ್ರೂಗೆ ಡ್ರಿಲ್ ಬಿಟ್ 1.1, ಅದು ಕೈ ಸ್ವಲ್ಪ ವಾಲಿದ್ರೂ ಮುರಿಯುತ್ತೆ. ಮೂರು ವಾರದ ಹಳೇ ಮುರಿತ ಬೇರೆ, ತುದಿ ಕೆರೆದು, ಭುಜದ ಹತ್ರದಿಂದ ಸ್ಪಂಜಿನಂಥ ಮೂಳೆ ತೆಗೆದು ಅಲ್ಲಿ ತುಂಬಬೇಕಾಗ್ಬಹುದು. ಅದನ್ನ ವರ್ಕ್‌ಶಾಪಲ್ಲಿ ಮಾಡಿಸಿದ್ರಾ?

ಪ್ಲಾಸ್ಟಿಕ್ ಮೂಳೇಲಿ ರಕ್ತ ಬರಲ್ಲ, ನರ ಅಡ್ಡ ಬರಲ್ಲ, ಸುತ್ತಲ ಮಾಂಸ ಜಾಸ್ತಿ ಬಿಡಿಸಿದ್ರೆ ಮೂಳೆ ಸಾಯೋದೂ ಇಲ್ಲ. ವರ್ಕ್‌ಶಾಪ್ ತಪ್ಪು ಅಂತಿಲ್ಲ, ನಾನೂ ಅಲ್ಲಿಂದ್ಲೇ ಶುರು ಮಾಡಿದ್ದು. ಸ್ವಿಟ್ಜರ್ಲೆಂಡಲ್ಲಿ 1958ರಲ್ಲಿ ಮನುಷ್ಯರ ಸರ್ಜನ್ನರು ಸೇರಿ ಕಟ್ಟಿದ ಎಓ ಗುಂಪು ಪ್ಲೇಟ್ ಹಾಕೋದನ್ನ ಪಾಠವಾಗಿ ಮಾಡಿದ್ದು, ಆಮೇಲೆ ಪ್ರಾಣಿ ವೈದ್ಯರಿಗೂ ಎಓ ವೆಟ್ ಬಂತು. ಅಲ್ಲೂ ಮೊದ್ಲು ತತ್ವದ ಕೋರ್ಸ್, ಆಮೇಲೆ ಮುಂದುವರಿದ ಕೋರ್ಸ್. ಅಮೆರಿಕ ಯುರೋಪಲ್ಲಿ ಬೋರ್ಡ್ ಸರ್ಜನ್ ಅಂದ್ರೆ ಮಾನ್ಯತೆ ಪಡೆದ ತಜ್ಞ ಸರ್ಜನ್ ಆಗೋಕೆ ಹಿರಿಯರ ಕೈಕೆಳಗೆ 3 ವರ್ಷ ರೆಸಿಡೆನ್ಸಿ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಅಂದ್ರೆ ಎಂವಿಎಸ್‌ಸಿ ಸರ್ಜರಿ ಮತ್ತು ರೇಡಿಯಾಲಜಿ, 2 ವರ್ಷ. ಆಗುತ್ತೆ ಅಂದ್ರೆ ಅದನ್ನೇ ಮಾಡಿ. ಆಗಲ್ಲ ಅಂದ್ರೆ ನಿಮ್ಮೂರಲ್ಲೇ ವೆಟರಿನರಿ ಕಾಲೇಜಿದೆ, ಸರ್ಜರಿ ವಿಭಾಗದಲ್ಲಿ ಕೇಳ್ಕೊಂಡು ವಾರಕ್ಕೊಂದು ದಿನ ನಿಂತು ನೋಡಿ. ಸತ್ತ ನಾಯಿ ಕಾಲಲ್ಲಿ ಪ್ರತಿ ಮೂಳೆಗೂ ದಾರಿ ಬಿಡಿಸಿ ಕಲೀರಿ. ಆಮೇಲೆ ಅಸಿಸ್ಟ್, ಆಮೇಲೆ ಹಿರಿಯರು ಎದುರಿಗೆ ನಿಂತಿರ್ವಾಗ 20 ಕೆಜಿ ನಾಯಿಯ ನೇರ ಮುರಿತ. ಪೊಮೆರೇನಿಯನ್ ಮುಂಗಾಲು ಕೊನೇಗೆ, ಟಿಪಿಎಲ್‌ಒ ಅದಕ್ಕೂ ಆಮೇಲೆ.

ನಾನು ಮೊದಲನೇ ವರ್ಷ ಇಂಥದ್ದೇ ಒಂದು ಕಾಲು ದೊಡ್ಡ ಪ್ಲೇಟ್ ಹಾಕಿ ಕಳ್ಕೊಂಡಿದೀನಿ. ಕೊನೇಗೆ ಕಾಲೇ ತೆಗೀಬೇಕಾಯ್ತು. ಅದಕ್ಕೇ ಇಷ್ಟು ಬರೀತಿದೀನಿ.

ಮಲೆನಾಡ ಮನೆ: ಫಾರ್ವರ್ಡ್ ಆಗಿ ಬಂದಿದ್ದು 👉 ಮಂಗರಬಳ್ಳಿ ಅರೆದು ಮೊಟ್ಟೆ ಬಿಳಿ ಸೇರಿಸಿ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ್ರೆ 21 ದಿನದಲ್ಲಿ ಎಂಥ ಮೂಳೆನೂ ಕೂಡುತ್ತೆ. ಎಲ್ಲರಿಗೂ ಕಳ್ಸಿ.

ಡಾಕ್ಟರ್: ಬಿಗಿಯಾಗಿ ಅನ್ನೋ ಆ ಒಂದು ಮಾತಿಗೆ ಈ ವರ್ಷ ಎರಡು ಕಾಲು ಕತ್ತರಿಸಿದೀನಿ. ಪಾದ ಊದಿ, ತಣ್ಣಗಾಗಿ, ಕಪ್ಪಗಾಗಿ, ವಾಸನೆ ಬಂದ್ಮೇಲೆ ಕರ್ಕೊಂಡ್ ಬರ್ತಾರೆ. ತೊಡೆ ಮೂಳೆ ಮುರಿದ್ರೆ ಕಟ್ಟು ಸೊಂಟದ ಕೀಲಿನ ತನಕ ಹೋಗೋದೇ ಇಲ್ಲ, ಮುರಿದ ಜಾಗದಲ್ಲೇ ಭಾರ ನೇತು ಹಾಕಿದ ಹಾಗಾಗುತ್ತೆ. ದಯವಿಟ್ಟು ಅಳಿಸಿ.

ಮಲೆನಾಡ ಮನೆ: ನಮ್ ತಾತ ದನಕ್ಕೆ ಕಟ್ತಿದ್ರು ಡಾಕ್ಟ್ರೇ, ಎಷ್ಟೋ ಕರು ಎದ್ದು ಓಡಾಡಿವೆ. ಎಲ್ಲದನ್ನೂ ಸುಳ್ಳು ಅನ್ಬೇಡಿ.

ಬ್ರೂನೋ ಅಪ್ಪ: ಕರುಗೂ 2 ಕೆಜಿ ಪೊಮೆರೇನಿಯನ್‌ಗೂ ವ್ಯತ್ಯಾಸ ಇಲ್ವಾ ಅಣ್ಣ?

ಮಲೆನಾಡ ಮನೆ: ನಿಮಗೇನ್ರೀ, ಬೆಂಗಳೂರಲ್ಲಿ ಕೂತಿದೀರ. ನಮ್ ತಾಲೂಕಲ್ಲಿ ಎಕ್ಸ್‌ರೇನೇ ಇಲ್ಲ. ನನಗೆ 55 ಸಾವಿರ ಹೇಳಿದ್ರು ಒಂದು ಕಾಲಿಗೆ. ಅಷ್ಟು ದುಡ್ಡಿಗೆ ಹಸು ಬರುತ್ತೆ.

ಚಿನ್ನಿ ಅಕ್ಕ: ದುಡ್ಡಿಲ್ಲ ಅಂದ್ರೆ ಸಾಕಬಾರ್ದು ಅಷ್ಟೇ.

ಮಲೆನಾಡ ಮನೆ: ಏನ್ ಮಾತು ಮೇಡಂ ಇದು? ರಸ್ತೇಲಿ ಬಿದ್ದಿದ್ದ ಮರಿ ಎತ್ಕೊಂಡ್ ಬಂದಿದ್ದು ನಾನು. ನೀವು ದುಡ್ಡು ಕೊಟ್ಟು ತಳಿ ತಗೊಂಡೋರು ನನಗೆ ಹೇಳ್ಬೇಡಿ.

ಚಿನ್ನಿ ಅಕ್ಕ: ಎತ್ಕೊಂಡ್ ಬಂದು ಸೊಪ್ಪು ಕಟ್ಟಿ ಸಾಯ್ಸೋದು ಪುಣ್ಯನಾ?

ಅಡ್ಮಿನ್: ಇಬ್ರೂ ಸುಮ್ನಿರಿ ಪ್ಲೀಸ್.

ರಾಜು ಶಿವಮೊಗ್ಗ: ಡಾಕ್ಟ್ರೇ ನಮ್ ಗಿಳಿ ರೆಕ್ಕೆ ಜೋತು ಬಿದ್ದಿದೆ, ಏನ್ ಮಾಡೋದು

ಡಾಕ್ಟರ್: ಚಿನ್ನಿ ಅವ್ರೇ, ಹಾಗೆ ಮಾತಾಡ್ಬೇಡಿ. ದುಡ್ಡಿನ ಕಷ್ಟ ನಿಜ. ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ, ಅಲ್ಲಿ ಖರ್ಚು ಕಮ್ಮಿ. ಮಲೆನಾಡ ಮನೆಯವ್ರು ಮರಿ ಫೋಟೊ, ವಯಸ್ಸು ಹಾಕಿ. ಎಳೇ ಮರಿ, ಮೊಣಕೈ ಕೆಳಗಿನ ಮುರಿತ, ಒಂದೇ ಮೂಳೆ ಆದ್ರೆ ಆಪರೇಷನ್ ಇಲ್ದೆ ಸರಿಯಾದ ಕಟ್ಟಲ್ಲೇ ಕೂಡ್ಬಹುದು. ಅಷ್ಟು ಹೇಳೋಕೂ ಎಕ್ಸ್‌ರೇ ಬೇಕು.

ಶೇರು ಮಮ್ಮಿ: 3 ತಿಂಗಳ ಜರ್ಮನ್ ಶೆಫರ್ಡ್‌ಗೆ ಕ್ಯಾಲ್ಸಿಯಂ ಸಿರಪ್ ದಿನಕ್ಕೆ ಎಷ್ಟು ಎಂಎಲ್ ಸರ್? ಮೂಳೆ ಗಟ್ಟಿ ಆಗ್ಲಿ ಅಂತ

ಡಾಕ್ಟರ್: ಪಪ್ಪಿ ಫುಡ್ ತಿಂತಿದ್ರೆ ಸೊನ್ನೆ. ದೊಡ್ಡ ತಳಿ ಮರಿಗೆ ಜಾಸ್ತಿ ಕ್ಯಾಲ್ಸಿಯಂ ಕೊಟ್ರೆ ಕೀಲು ಕೆಡುತ್ತೆ.

ಶೇರು ಮಮ್ಮಿ: ಆದ್ರೆ ಮೊಟ್ಟೆ ಚಿಪ್ಪು ಪುಡಿ ಒಳ್ಳೇದು ಅಂತ ಇನ್ನೊಂದು ಗ್ರೂಪಲ್ಲಿ...

ಡಾಕ್ಟರ್: ಬರೀ ಮಾಂಸ ಅಥವಾ ಬರೀ ಅನ್ನ ತಿನ್ನೋ ಮರಿಗೆ ಕೊರತೆ ಆಗಿ ಮೂಳೆ ತಾನಾಗೇ ಬಾಗುತ್ತೆ, ಅದು ಬೇರೆ ಕಥೆ, ಅದಕ್ಕೂ ಡಾಕ್ಟ್ರು ನೋಡಿ ಲೆಕ್ಕ ಹಾಕ್ಬೇಕು. ನಿಮ್ದಕ್ಕೆ ಬೇಡ ಅಂದೆ.

ಪಪ್ಪು ಡ್ಯಾಡಿ: ಸರ್ ಬೆಕ್ಕಿಗೆ ಡೋಲೋ ಕೊಡ್ಬಹುದಾ ಕಾಲು ನೋವಿಗೆ

ಡಾಕ್ಟರ್: ಮೇಲೆ ಓದಿ. ಕೊಡ್ಬೇಡಿ.

ಸೋನು ಮೈಸೂರು: ನಾಯಿಗಾದ್ರೆ ಬ್ರೂಫೆನ್?

ಡಾಕ್ಟರ್: ಇಲ್ಲ. ಹೊಟ್ಟೇಲಿ ಹುಣ್ಣಾಗುತ್ತೆ, ಕಿಡ್ನಿ ಹೋಗುತ್ತೆ. ಮನುಷ್ಯರ ಮಾತ್ರೆ ಬಗ್ಗೆ ಇನ್ನು ಕೇಳ್ಬೇಡಿ.

ಸೋನು ಮೈಸೂರು: ಕೇಳಿದ್ರೆ ಯಾಕಿಷ್ಟು ಸಿಟ್ಟು, ಉತ್ತರ ಕೊಡೋಕೆ ತಾನೆ ಬಂದಿರೋದು

ರಾಜು ಶಿವಮೊಗ್ಗ: ಗಿಳಿ ಬಗ್ಗೆ ಹೇಳಿ ಡಾಕ್ಟ್ರೇ

ಹಾಸನದ ಹೊಸ ವೆಟ್: ಸರ್ ಅಳೆದೆ. ಮೂಳೆ ಅಗಲ 4.6 ಮಿಲಿಮೀಟರ್ ಇದೆ. ಓನರ್‌ಗೆ ಫೋನ್ ಮಾಡಿ ನನ್ ಕೈಲಿ ಆಗಲ್ಲ ಅಂತ ಹೇಳ್ದೆ, ಸ್ವಲ್ಪ ಬೈದ್ರು, ಆಮೇಲೆ ಬೆಂಗಳೂರಿಗೆ ಒಪ್ಕೊಂಡ್ರು. ನೀವು ನೋಡ್ತೀರಾ?

ಡಾಕ್ಟರ್: ನೋಡ್ತೀನಿ. ಎರಡು ಆ್ಯಂಗಲ್ ಎಕ್ಸ್‌ರೇ ಇನ್‌ಬಾಕ್ಸ್ ಮಾಡಿ, ಇನ್ನೊಂದು ಕಾಲಿಂದೂ ತೆಗೀರಿ, ಉದ್ದ ಹೋಲಿಸ್ಬೇಕು. ಅಲ್ಲಿ ತನಕ ಬೆರಳ ತುದಿ ಕಾಣೋ ಹಾಗೆ ಹತ್ತಿ ದಪ್ಪಗೆ ಸುತ್ತಿ ಮೊಣಕೈ ಮೇಲೆ ತನಕ ಕಟ್ಟಿ, ಮಧ್ಯದ ಎರಡು ಬೆರಳು ಊದಿ ಒಂದಕ್ಕೊಂದು ದೂರ ಆದ್ರೆ ತಕ್ಷಣ ಬಿಚ್ಚಿ. ಓನರ್ ಜೊತೆ ನೀವೂ ಬನ್ನಿ.

ಹಾಸನದ ಹೊಸ ವೆಟ್: ಬರ್ಬಹುದಾ ಸರ್? ಒಳಗೆ ನಿಲ್ಲೋಕೆ ಬಿಡ್ತೀರಾ?

ಡಾಕ್ಟರ್: ಬುಧವಾರ ಬೆಳಿಗ್ಗೆ 7:30. ಕೈ ತೊಳ್ಕೊಂಡು ಒಳಗೆ ಬನ್ನಿ, ಮಾಂಸ ಸರಿಸಿ ಹಿಡಿಯೋ ರಿಟ್ರಾಕ್ಟರ್ ನೀವು ಹಿಡೀರಿ.